ಎಂಟನೇ ಕ್ಲಾಸು ಉಳಿಸಲು ಹೊರಟ ಮೇಷ್ಟ್ರು

ಪುಟ್ಟಮಾದಯ್ಯ ಮೇಷ್ಟ್ರು ಬೆಳಿಗ್ಗೆ ಶಾಲೆಗೆ ಬರುತ್ತಿದ್ದದ್ದು ಬೀದಿಯ ಕಡೆಯಿಂದಲ್ಲ, ಹೊಲಗಳ ಕಡೆಯಿಂದ. ಪಂಚೆ ಮೊಣಕಾಲಿನವರೆಗೆ ಇಬ್ಬನಿಯಲ್ಲಿ ನೆನೆದಿರುತ್ತಿತ್ತು. ಹಿಂದೆ ಮುಖ ಸಿಂಡರಿಸಿಕೊಂಡು ಬರುವ ಹುಡುಗರು. ಕೊಯ್ಲಿನಿಂದಲೋ ದನದ ಹಿಂದಿನಿಂದಲೋ ಬಿಡಿಸಿ ತಂದವರು.

ಹನೂರಿನ ಪಕ್ಕದ ನಮ್ಮ ಸಣ್ಣ ಊರಿನ ಮಿಡ್ಲ್ ಸ್ಕೂಲಿಗೆ ಅವರು ಹೆಡ್‌ಮೇಷ್ಟ್ರು. ಆಗ ಕೊಳ್ಳೇಗಾಲದ ಸೀಮೆಯೆಲ್ಲ ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. ಇನ್‌ಸ್ಪೆಕ್ಟರು ಕೊಯಮತ್ತೂರಿನಿಂದ ಬರಬೇಕು. ಮಕ್ಕಳು ಕಡಿಮೆ, ಕಲಿಕೆಯೂ ಸಾಲದು, ಹೀಗೇ ಆದರೆ ಎಂಟನೇ ಕ್ಲಾಸು ಮುಚ್ಚುತ್ತೇವೆ ಎಂದು ಮೇಲಿನವರು ಹೇಳುತ್ತಲೇ ಇದ್ದರು. ಮೇಷ್ಟ್ರಿಗೆ ಅದೇ ಕೊರಗು. ಪಾಠದ ನಡುವೆ ಸೀಮೆಸುಣ್ಣ ಹಿಡಿದವರೇ ಖಾಲಿ ಮಣೆಗಳನ್ನು ನೋಡುತ್ತ ನಿಂತುಬಿಡುತ್ತಿದ್ದರು. "ಕೂಗಿ ಕೂಗಿ ಗಂಟ್ಲು ಓಯ್ತು ಕಣ್ರಲಾ," ಎನ್ನುತ್ತಿದ್ದರು. "ಎಮ್ಮೆ ಆದ್ರೂ ಒಂದ್ಸಲ ತಿರುಗಿ ನೋಡ್ತದೆ, ನಿಮ್ಮಪ್ಪಂದಿರು ನೋಡಕಿಲ್ಲ."

ಅಪ್ಪ ನನ್ನನ್ನು ಐದನೇ ಕ್ಲಾಸಿಗೇ ಬಿಡಿಸಿದಾಗ ಮೇಷ್ಟ್ರು ನಮ್ಮ ಜಗಲಿಗೆ ಬಂದು ಕೂತರು. ಹೆಣ್ಣು ಓದಿ ಯಾವ ಕಚೇರಿ ಆಳಬೇಕು ಎಂದು ಅಪ್ಪ ಕೇಳಿದ. ಆಳದಿದ್ದರೆ ಬೇಡ, ಆಳುವವರು ಬರೆದದ್ದನ್ನಾದರೂ ಓದಲಿ ಎಂದರು. ಅಪ್ಪ ಒಪ್ಪಿದ ಮೇಲೇ ಅವ್ವ ತಂದಿಟ್ಟ ಮಜ್ಜಿಗೆ ಕುಡಿದದ್ದು. ಅಲ್ಲಿಂದ ಮುಂದೆ ಏಳನೆಯದರವರೆಗೂ ಕ್ಲಾಸಿನಲ್ಲಿ ನಾನೊಬ್ಬಳೇ ಹುಡುಗಿ.

ಇನ್‌ಸ್ಪೆಕ್ಟರು ಬಂದದ್ದು ನಾನು ಏಳನೆಯದರಲ್ಲಿದ್ದಾಗ, ಕಡ್ಲೆಕಾಯಿ ಕೀಳುವ ಕಾಲದಲ್ಲಿ. ಹಿಂದಿನ ದಿನವೆಲ್ಲ ಮೇಷ್ಟ್ರು ಬಂಡಳ್ಳಿಯವರೆಗೂ ಅಲೆದು, ಬೇಡಿ, ಬೈದು ಬಂದಿದ್ದರು. ಬೆಳಿಗ್ಗೆ ನೋಡಿದರೆ ಮಣೆಗಳು ಸಾಲದೆ ಹುಡುಗರು ನೆಲದಲ್ಲಿ ಕೂತಿದ್ದರು. ಮೇಷ್ಟ್ರ ಮುಖದಲ್ಲಿ ಅಷ್ಟು ಸಂತೋಷ ನಾನು ಯಾವತ್ತೂ ಕಂಡಿರಲಿಲ್ಲ. ಇನ್‌ಸ್ಪೆಕ್ಟರು ತಮಿಳಿನಲ್ಲಿ ಭೂಗೋಳ ಕೇಳಿದರು. ನಮಗೆ ಸಂತೆಯ ತಮಿಳು ಬರುತ್ತಿತ್ತು, ಪಾಠದ ತಮಿಳು ಬರುತ್ತಿರಲಿಲ್ಲ. ಯಾರೂ ಬಾಯಿ ಬಿಡಲಿಲ್ಲ. ಪ್ರಶ್ನೆಯನ್ನು ತಾವು ಕನ್ನಡಕ್ಕೆ ತಿರುಗಿಸಿ ಕೇಳುವುದಾಗಿ ಮೇಷ್ಟ್ರು ಬೇಡಿಕೊಂಡರು. ಹಾಗೆ ಮಾಡಿದರೆ ಉತ್ತರವನ್ನೂ ನೀವೇ ಹೇಳಿಕೊಟ್ಟಂತೆ ಎಂದು ಇನ್‌ಸ್ಪೆಕ್ಟರು ಎದ್ದುಬಿಟ್ಟರು.

ಮೇಷ್ಟ್ರು ಜೀಪಿನವರೆಗೂ ಹಿಂದೆ ಹೋದರು. "ಈ ಮಕ್ಕಳಿಗೆ ಬತ್ತದೆ ಸಾ. ಕೇಳೋ ಹಂಗೆ ಕೇಳಿ ಸಾ."

ಬೇಸಿಗೆಗೆ ಎಂಟನೇ ಕ್ಲಾಸು ಮುಚ್ಚಿತು. ಅನುಕೂಲವಿದ್ದ ಗಂಡುಹುಡುಗರು ಕೊಳ್ಳೇಗಾಲಕ್ಕೆ ಹೋದರು, ಉಳಿದವರು ಹೊಲಕ್ಕೆ. ಮೇಷ್ಟ್ರಿಗೆ ದೂರದ ಗೋಪಿನಾಥಂ ಕಾಡಿನ ಕಡೆಗೆ ವರ್ಗವಾಯಿತು.

ಹೊರಡುವ ದಿನ ಪೆಟ್ಟಿಗೆ ಸಮೇತ ನಮ್ಮ ಮನೆಗೆ ಬಂದರು. ಯಳಂದೂರಿನಲ್ಲಿ ತಮ್ಮ ಅಕ್ಕ ಇದ್ದಾರೆ, ಅದು ಮೈಸೂರು ಸೀಮೆ, ಅಲ್ಲಿ ಪರೀಕ್ಷೆ ಮಾಡುವವರೂ ಕನ್ನಡದಲ್ಲೇ ಕೇಳುತ್ತಾರೆ, ಹುಡುಗಿಯನ್ನು ಅಲ್ಲಿಟ್ಟು ಓದಿಸೋಣ ಎಂದರು. ಸಂಬಂಧ ಗೊತ್ತಾಗಿದೆ ಎಂದ ಅಪ್ಪ. ಮೇಷ್ಟ್ರು ಬಾಗಿಲ ಮರೆಯಲ್ಲಿದ್ದ ನನ್ನ ಕಡೆ ತಿರುಗಿದರು.

"ನೀನೇನವ್ವ ಏಳ್ತೀಯೆ?"

ಆ ಮನೆಯಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. "ಓದ್ತೀನಿ ಸಾ," ಅಂದೆ.

"ಕೇಳುಸ್ತಾ ಗೌಡ್ರೇ?"

ಅಪ್ಪ ಎದ್ದು ಕೊಟ್ಟಿಗೆಗೆ ಹೋದ. ಮೇಷ್ಟ್ರು ಪೆಟ್ಟಿಗೆ ಎತ್ತಿಕೊಂಡು ಬಸ್ಸಿಗೆ ನಡೆದರು. ಬಸ್ಸಿನ ಸದ್ದು ಪೂರಾ ಅಡಗಿದ ಮೇಲೆ ಅಪ್ಪ ಕೊಟ್ಟಿಗೆಯಿಂದ ಈಚೆ ಬಂದ. ಮುಂದಿನ ತಿಂಗಳು ನನ್ನ ಲಗ್ನವಾಯಿತು. ಎಂಟನೇ ಕ್ಲಾಸನ್ನೂ ನಾನು ಕಾಣಲಿಲ್ಲ, ಮೇಷ್ಟ್ರನ್ನೂ ಮತ್ತೆ ಕಾಣಲಿಲ್ಲ.