ಎಡಕ್ಕೆ ಎಳೆಯುವ ಸೈಕಲ್ಲು

ನಮ್ಮಪ್ಪ ಬೇಲೂರಿನ ಗುಡಿಯೊಳಗೆ ಹೋಗುವಾಗ ಚಪ್ಪಲಿಯನ್ನು ಹೂವಿನವಳ ಬುಟ್ಟಿಯ ಪಕ್ಕ ಬಿಟ್ಟು, ಸ್ವಲ್ಪ ನೋಡ್ಕೊಳ್ಳಮ್ಮ ಎಂದು ಹೇಳಿ ಹೋದರು. ಸೈಕಲ್ಲನ್ನು ನೋಡಿಕೊಳ್ಳಲು ಯಾರಿಗೂ ಹೇಳಲಿಲ್ಲ. ಬೀಗವನ್ನೂ ಹಾಕಲಿಲ್ಲ. ದೇವರ ಬಾಗಿಲಲ್ಲಿ ನಿಂತು ಬೀಗ ಹಾಕುವುದೆಂದರೆ ದೇವರ ಮೇಲೇ ಅನುಮಾನಪಟ್ಟ ಹಾಗೆ ಎಂಬುದು ಅವರ ವಾದ. ಹಾಗಾದರೆ ಚಪ್ಪಲಿಯ ವಿಷಯದಲ್ಲಿ ಆ ಅನುಮಾನ ಯಾಕೆ ಬಂತು ಎಂಬುದು ಅಮ್ಮನ ಪ್ರಶ್ನೆ. ದರ್ಶನ ಮುಗಿಸಿ ಹೊರಗೆ ಬಂದಾಗ ಚಪ್ಪಲಿ ಇಟ್ಟಲ್ಲೇ ಇದ್ದವು, ಸೈಕಲ್ಲು ಇರಲಿಲ್ಲ. ಬೀಗ ಕ್ಯಾರಿಯರಿಗೆ ಸಿಕ್ಕಿಸಿದ್ದರಿಂದ ಅದೂ ಹೋಗಿತ್ತು. ಬೀಗದ ಕೈ ಮಾತ್ರ ಜನಿವಾರದಲ್ಲಿ ಭದ್ರವಾಗಿತ್ತು.

ಕೊನೆಯ ಬಸ್ಸಿಗೆ ಹಳೇಬೀಡಿಗೆ ಬಂದಿಳಿದ ಅಪ್ಪ ಆ ಬೀಗದ ಕೈಯನ್ನು ಬಿಚ್ಚಿ ದೇವರ ಗೂಡಿನಲ್ಲಿಟ್ಟರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದು ಅಮ್ಮ ಅಡುಗೆಮನೆಯಿಂದಲೇ ಹೇಳಿದಳು. ಅಪ್ಪ ಅವತ್ತು ರಾತ್ರಿ ಊಟಕ್ಕೆ ಏಳಲಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಮ್ಮ ಬೀದಿಗೆಲ್ಲ ಅದೊಂದೇ ಸೈಕಲ್ಲು. ಅಪ್ಪ ಎರಡು ಮೂರು ಮೈಲಿ ಆಚೆಯ ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು. ಅದರ ಮೇಲೇ ಹೋಗಿ ಬರುತ್ತಿದ್ದರು. ಹೀಗಾಗಿ ಸುದ್ದಿ ಹರಡಿದ್ದೇ ತಡ, ಬೀದಿಯವರೆಲ್ಲ ಸಾವಿನ ಮನೆಗೆ ಮಾತಾಡಿಸಲು ಬರುವ ಹಾಗೆ ಒಬ್ಬೊಬ್ಬರೇ ಬಂದು ಜಗಲಿಯ ಮೇಲೆ ಕೂತರು. ಬಂದವರಿಗೆಲ್ಲ ಅಮ್ಮ ಕಾಫಿ ಮಾಡಬೇಕು. ಅಪ್ಪ ಮೊದಲಿನಿಂದ ಕಥೆ ಹೇಳಬೇಕು. ಚಪ್ಪಲಿಯ ಭಾಗ ಬಂದಾಗ ಮಾತ್ರ ಅವರ ದನಿ ಇಳಿಯುತ್ತಿತ್ತು. ಎದುರು ಮನೆಯ ಅಜ್ಜಿ ಎಲ್ಲ ಕೇಳಿಸಿಕೊಂಡು ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಎಷ್ಟು ವರ್ಷ ಆಗಿತ್ತಪ್ಪಾ ಅದಕ್ಕೆ?” ಎಂದರು.

“ಆರು,” ಎಂದರು ಅಪ್ಪ.

“ಅಯ್ಯೋ ಪಾಪ, ಇನ್ನೂ ಎಳೇದು,” ಎಂದರು ಅಜ್ಜಿ.

ನಾನು ನಗು ತಡೆಯಲಾರದೆ ಹಿತ್ತಲಿಗೆ ಓಡಿದೆ. ಬಾವಿಕಟ್ಟೆಯ ಹತ್ತಿರ ನಿಂತು ನಗುತ್ತ ನಗುತ್ತಲೇ ಅಳು ಬಂದುಬಿಟ್ಟಿತು. ಯಾಕೆಂದರೆ ನಿಜವಾಗಿ ಸೂತಕ ನನ್ನದಾಗಿತ್ತು. ಅದನ್ನು ಯಾರ ಮುಂದೆಯೂ ಹೇಳುವ ಹಾಗಿರಲಿಲ್ಲ.

ನನಗಾಗ ಹದಿನೈದು. ಲಂಗ ದಾವಣಿಯ ವಯಸ್ಸು. ಮಾಧ್ಯಮಿಕ ಶಾಲೆ ಮುಗಿಸಿ ಮನೆಯಲ್ಲಿದ್ದೆ. ನನ್ನ ಪಾಲಿಗೆ ಬಂದ ಕೆಲಸಗಳಲ್ಲಿ ದಿನಾ ಸೈಕಲ್ ಒರೆಸುವುದೂ ಒಂದು. ಶನಿವಾರ ಬೆಳಗಿನ ಶಾಲೆ. ಅಪ್ಪ ಮಧ್ಯಾಹ್ನ ಊಟ ಮಾಡಿ ಮಲಗಿದರೆ ಕಾಫಿಯ ಹೊತ್ತಿನವರೆಗೂ ಏಳುವವರಲ್ಲ. ಅಮ್ಮ ಬತ್ತಿ ಹೊಸೆಯುವ ನೆಪದಲ್ಲಿ ಪಕ್ಕದ ಮನೆಗೆ ಹರಟೆಗೆ ಹೋಗುವಳು. ಆಗ ನಾನು, “ಟೈರಲ್ಲಿ ಗಾಳಿ ಇಲ್ಲ, ಹಾಕಿಸ್ಕೊಂಡು ಬರ್ತೀನಮ್ಮ” ಎಂದು ಕೂಗಿ ಹೇಳಿ, ಬಲು ಸಾಧುವಾಗಿ ಸೈಕಲ್ಲನ್ನು ತಳ್ಳಿಕೊಂಡು ಬೀದಿ ದಾಟುತ್ತಿದ್ದೆ. ಸೈಕಲ್ ಶಾಪನ್ನೂ ದಾಟುತ್ತಿದ್ದೆ. ಕೆರೆ ಏರಿ ಸಿಕ್ಕ ಮೇಲೆ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬಾರಿನ ಕೆಳಗಿಂದ ಕಾಲು ತೂರಿಸಿ ಪೆಡಲು ತುಳಿಯುತ್ತಿದ್ದೆ. ಮೊದಮೊದಲು ಅರ್ಧ ಸುತ್ತು, ಆಮೇಲೆ ಪೂರ್ತಿ ಸುತ್ತು. ಎಮ್ಮೆ ಮೈ ತೊಳೆಯುವವರು ಒಂದೆರಡು ಸಲ ಬಾಯಿ ಬಿಟ್ಟುಕೊಂಡು ನೋಡಿದರು, ಆಮೇಲೆ ಅವರಿಗೂ ರೂಢಿಯಾಯಿತು. ಕೆರೆಯ ಗಾಳಿ ಮುಖಕ್ಕೆ ಹೊಡೆಯುವಾಗ ಆಗುತ್ತಿದ್ದ ಸಂತೋಷ ನನಗೆ ಆಮೇಲೆ ಎಷ್ಟೋ ದೊಡ್ಡ ಸಂಗತಿಗಳಲ್ಲೂ ಸಿಕ್ಕಿಲ್ಲ. ಈ ಟೈರಿಗೆ ಅದೇನು ಹಸಿವೋ, ವಾರವಾರ ಗಾಳಿ ಬೇಕು ಎಂದು ಅಪ್ಪ ಗೊಣಗುತ್ತಿದ್ದರು.

ಒಂದು ಯುಗಾದಿಯ ಆಸುಪಾಸಿನಲ್ಲಿ ಏರಿಯಿಂದ ಸೈಕಲ್ ಸಮೇತ ಉರುಳಿಬಿದ್ದೆ. ನನಗೆ ಮೊಣಕೈ ತರಚಿತು. ಸೈಕಲ್ಲಿನ ಮುಂದಿನ ಚಕ್ರವನ್ನು ಹಿಡಿದಿರುವ ಕವಲು ಒಂದಿಷ್ಟು ಬಾಗಿತು. ನೋಡಿದರೆ ಗೊತ್ತಾಗುತ್ತಿರಲಿಲ್ಲ, ಆದರೆ ಹ್ಯಾಂಡಲ್ ಸ್ವಲ್ಪ ಸಡಿಲ ಬಿಟ್ಟರೆ ಸಾಕು, ಹಟಮಾರಿ ಎತ್ತಿನ ಹಾಗೆ ಎಡಕ್ಕೆ ಎಳೆಯುತ್ತಿತ್ತು. ನಾನು ಅದಕ್ಕೆ ಹೊಂದಿಕೊಂಡೆ. ಅಪ್ಪನೂ ತಮಗೆ ತಿಳಿಯದೆಯೇ ಹೊಂದಿಕೊಂಡರು. ಬಲಭುಜ ಎತ್ತಿ, ಮೈಯೆಲ್ಲ ಬಲಕ್ಕೆ ವಾಲಿಸಿ ತುಳಿಯತೊಡಗಿದರು. ತಿಂಗಳೊಳಗೆ ಅವರಿಗೆ ಭುಜದ ನೋವು ಶುರುವಾಯಿತು. ಪಂಡಿತರು ನಾಡಿ ಹಿಡಿದು ವಾಯು ಎಂದರು, ಒಂದು ಎಣ್ಣೆ ಕೊಟ್ಟರು. ದಿನಾ ಸಂಜೆ ಆ ಎಣ್ಣೆ ತಿಕ್ಕುವ ಕೆಲಸ ಯಾರದು ಎನ್ನುತ್ತೀರಿ? ನನ್ನದೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕಳ್ಳಿ ಮುಟ್ಟಿದ್ದು ಅಪ್ಪನ ಹೆಗಲನ್ನು.

ಅಂಥ ಸೈಕಲ್ಲು ಈಗ ಹೋಗಿತ್ತು. ಅಪ್ಪನಿಗೆ ಹೋದದ್ದು ಸೈಕಲ್ಲು, ನನಗೆ ಹೋದದ್ದು ಶನಿವಾರ. ಮಲಗಿದರೂ ಕಾಲು ಹೊದಿಕೆಯೊಳಗೆ ಪೆಡಲು ತುಳಿಯುತ್ತಿತ್ತು. ಅಮ್ಮ ಅದನ್ನು ನೋಡಿ, ಹೊಟ್ಟೆಯಲ್ಲಿ ಜಂತುಹುಳ ಇರಬೇಕೆಂದು ನನಗೆ ಹರಳೆಣ್ಣೆ ಕುಡಿಸಿದಳು. ದುಃಖಕ್ಕೆ ಹರಳೆಣ್ಣೆ ಕುಡಿದವಳು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ಅಪ್ಪ ಬೇರೆ ದಾರಿ ಕಾಣದೆ ಅಂಜನ ಹಾಕಿ ನೋಡುವವನ ಹತ್ತಿರ ಹೋದರು. ಅವನು ವೀಳ್ಯದೆಲೆಯ ಮೇಲೆ ಕಪ್ಪು ಸವರಿ, ಬಹಳ ಹೊತ್ತು ದಿಟ್ಟಿಸಿ, ಸೈಕಲ್ಲು ಎಲ್ಲೋ ಒಂದು ಕಡೆ ನಿಂತಿದೆ ಎಂದನಂತೆ. ಸ್ಟ್ಯಾಂಡ್ ಹಾಕಿದರೆ ನಿಲ್ಲದೆ ಇನ್ನೇನು ಕೂತ್ಕೊಳ್ಳುತ್ಯೇ ಎಂದಳು ಅಮ್ಮ.

ದೀಪಾವಳಿ ಕಳೆದ ಮೇಲೆ ಒಬ್ಬ ಪೇದೆ ಬಂದು ಸುದ್ದಿ ಹೇಳಿದ. ಅರಸೀಕೆರೆಯ ರೈಲ್ವೆ ಸ್ಟೇಷನ್ನಿನಲ್ಲಿ ಕೊಬ್ಬರಿ ಮೂಟೆಗಳ ಮರೆಯಲ್ಲಿ ಸೈಕಲ್ ಸಾಗಿಸುತ್ತಿದ್ದವರು ಸಿಕ್ಕಿಬಿದ್ದಿದ್ದಾರೆ, ಕಳೆದುಕೊಂಡವರು ಅಲ್ಲಿನ ಪೊಲೀಸ್ ಠಾಣೆಗೆ ಹೋಗಿ ಗುರುತು ಹಿಡಿಯಬೇಕು ಎಂದ. ಅಪ್ಪನ ಕಣ್ಣು ಮಂದ. ಹುಡುಗಿಯನ್ನೂ ಕರಕೊಂಡು ಹೋಗಿ, ದಿನಾ ಒರೆಸ್ತಿದ್ದೋಳು ಅವಳೇ ಅಲ್ವೇ ಎಂದಳು ಅಮ್ಮ. ಪುಣ್ಯಾತ್ಗಿತ್ತಿ, ಅವಳ ಬಾಯಿಗೆ ಸಕ್ಕರೆ ಹಾಕಬೇಕೆನ್ನಿಸಿತು.

ಠಾಣೆಯ ಅಂಗಳದಲ್ಲಿ ಹುಣಸೆಮರದ ಕೆಳಗೆ ಸೈಕಲ್ಲುಗಳ ಸಾಲು. ಕಳ್ಳರು ಬೆಲ್ಲು, ಕ್ಯಾರಿಯರು ಎಲ್ಲ ಕಿತ್ತು, ಮೈಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು. ಎಲ್ಲವೂ ಒಂದೇ ತಾಯಿಯ ಮಕ್ಕಳಂತಿದ್ದವು. ನಾನು ಒಂದೊಂದರದೂ ಹ್ಯಾಂಡಲ್ ಹಿಡಿದು ಎರಡು ಹೆಜ್ಜೆ ತಳ್ಳುತ್ತಾ ಬಂದೆ. ಮೂರನೆಯದೋ ನಾಲ್ಕನೆಯದೋ ಕೈಗೆ ಬಂದ ಕೂಡಲೇ ಮೆಲ್ಲಗೆ ಎಡಕ್ಕೆ ತಿರುಗಿತು. ಇದೇ ಅಪ್ಪ ಎಂದು ಕೂಗಿದೆ.

ಅಷ್ಟರಲ್ಲಿ ಬಾಣಾವರದ ಒಬ್ಬ ಕೊಬ್ಬರಿ ವ್ಯಾಪಾರಿ ಬಂದು ಅದರ ಸೀಟಿನ ಮೇಲೇ ಕೈಯಿಟ್ಟು, ಇದು ನಂದು ಎಂದರು. ಹಣೆ ತುಂಬ ವಿಭೂತಿ, ಗಂಭೀರ ಮನುಷ್ಯ. ಸುಳ್ಳು ಹೇಳುವವರ ಹಾಗೆ ಕಾಣಲಿಲ್ಲ. ಅಪ್ಪನೂ, ಇಲ್ಲ ಸ್ವಾಮಿ, ನಮ್ಮದು ಎಂದರು. ಏನು ಗುರುತು ಎಂದು ದಫೇದಾರರು ಕೇಳಿದರೆ ಇಬ್ಬರೂ ತಲೆ ಕೆರೆದುಕೊಂಡರು. ನಾನು ಅಪ್ಪನ ಕಿವಿಯಲ್ಲಿ, ಇದು ಎಡಕ್ಕೆ ಎಳೆಯುತ್ತದೆ ಎಂದು ಹೇಳಿದೆ. ಕಿವಿಯಲ್ಲಿ ಹೇಳಿದ್ದು ದಫೇದಾರರಿಗೂ ಕೇಳಿಸಿತು.

“ಛೇ ಛೇ, ನಮ್ಮ ಸೈಕಲ್ ನೆಟ್ಟಗೇ ಹೋಗೋದು,” ಎಂದರು ಅಪ್ಪ. ಅಷ್ಟೇ ಅಲ್ಲ, ಪಂಚೆ ಎತ್ತಿ ಕಟ್ಟಿ ಹತ್ತಿಯೇ ಬಿಟ್ಟರು. ಬಲಭುಜ ಎತ್ತಿಕೊಂಡು, ಬಲಕ್ಕೆ ವಾಲಿಕೊಂಡು, ಅಂಗಳದ ಈ ತುದಿಯಿಂದ ಆ ತುದಿಗೆ ದಾರ ಹಿಡಿದ ಹಾಗೆ ನೆಟ್ಟಗೆ ಹೋಗಿ ಬಂದರು. ನಂದೂ ಹಿಂಗೇ ನೆಟ್ಟಗೆ ಹೋಗ್ತಿತ್ತು ಎಂದರು ವ್ಯಾಪಾರಿ. ಹೇಳಿದ ಗುರುತು ಸುಳ್ಳಾಯಿತಲ್ಲ ಎಂದು ದಫೇದಾರರು ನನ್ನನ್ನು ನೋಡಿ, ಸೈಕಲ್ಲನ್ನು ವ್ಯಾಪಾರಿಯ ಕಡೆ ತಿರುಗಿಸಿದರು.

ಬಾಯಿ ಮುಚ್ಚಿಕೊಂಡಿದ್ದರೆ ಸೈಕಲ್ಲು ಬಾಣಾವರಕ್ಕೆ ಹೋಗುತ್ತದೆ, ಅಪ್ಪ ನಿವೃತ್ತಿಯಾಗುವ ತನಕ ನಡೆಯುತ್ತಾರೆ. ಬಾಯಿ ಬಿಟ್ಟರೆ ಸೈಕಲ್ಲು ನಮ್ಮ ಮನೆಗೆ ಬರುತ್ತದೆ, ಆದರೆ ನನ್ನ ಕೈಗೆ ಇನ್ನೆಂದೂ ಬರುವುದಿಲ್ಲ. ಹೆಣ್ಣು ಹುಡುಗಿ ಸೈಕಲ್ ತುಳಿಯುತ್ತಾಳಂತೆ ಎಂಬ ಮಾತು ಆಗ ಬಸ್ಸಿಗಿಂತ ಮೊದಲೇ ಊರು ಸೇರುತ್ತಿತ್ತು. ನನಗೆ ಅಪ್ಪನ ಮೇಲೆ ಸಿಟ್ಟೇ ಬಂತು. ಇಷ್ಟು ಚೆನ್ನಾಗಿ ವಾಲಲು ಇವರಿಗೆ ಯಾರು ಹೇಳಿದ್ದರು?

“ಕೊಡಿ ಇಲ್ಲಿ, ನಾನು ತೋರಿಸ್ತೀನಿ,” ಎಂದೆ.

“ಅವಳಿಗೆ ಬರಲ್ಲ ಸ್ವಾಮಿ,” ಎಂದರು ಅಪ್ಪ.

ನಾನು ಅವರ ಮುಖ ನೋಡಲಿಲ್ಲ. ಲಂಗ ಎತ್ತಿ ಸಿಕ್ಕಿಸಿ, ಬಾರಿನ ಕೆಳಗೆ ಕಾಲು ತೂರಿಸಿ ಹೊರಟೆ. ಅಂಗಳದ ನಡುವೆ ಹ್ಯಾಂಡಲ್ ಸಡಿಲ ಬಿಟ್ಟೆ. ಸೈಕಲ್ಲು ತಾನಾಗಿ ಎಡಕ್ಕೆ ತಿರುಗಿ ಹುಣಸೆಮರವನ್ನು ಒಂದು ಪ್ರದಕ್ಷಿಣೆ ಹಾಕಿತು. ಎರಡನೆಯ ಸುತ್ತು ಸುಮ್ಮನೆ ಖುಷಿಗೆ ಹಾಕಿದೆ. ಇದೇ ಕೊನೆಯದಾದರೆ ಆಗಲಿ ಎಂದು. ಆಮೇಲೆ ಬಲಕ್ಕೆ ಜಗ್ಗಿ, ದಫೇದಾರರ ಬೂಟಿನ ಮುಂದೆ ತಂದು ನಿಲ್ಲಿಸಿದೆ.

ವ್ಯಾಪಾರಿ ನಂಬದೆ ತಾವೂ ಹತ್ತಿದರು. ಮೂರು ಮಾರು ಹೋಗುವಷ್ಟರಲ್ಲಿ ಕಾಂಪೌಂಡ್ ಗೋಡೆಗೆ ಒರಗಿಕೊಂಡಿದ್ದರು. “ಬಿಡ್ರಪ್ಪ, ಇದು ನಂದಲ್ಲ. ನಂದು ಮಾತು ಕೇಳ್ತಿತ್ತು,” ಎಂದು ಪಂಚೆ ಕೊಡವಿಕೊಂಡು, ಸಾಲಿನ ಕೊನೆಯ ಸೈಕಲ್ಲನ್ನು ಮುಟ್ಟಿ, ಇದೇ ನೋಡಿ ನಂದು ಎಂದರು. ಅದು ಹೇಗೆ ಎಂದು ಯಾರೂ ಕೇಳಲಿಲ್ಲ.

ಸೈಕಲ್ಲನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿದೆವು. ಅಪ್ಪ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ನನಗೆ ಬೈಯಲಿ, ಹೊಡೆಯಲಿ, ಏನಾದರೂ ಆಗಿಹೋಗಲಿ ಎನ್ನಿಸುತ್ತಿತ್ತು. ಜಾವಗಲ್ಲು ದಾಟಿದ ಮೇಲೆ ಅವರು ಕೇಳಿದರು:

“ಅದು ಎಡಕ್ಕೆ ಎಳೆಯೋಕೆ ಶುರುವಾಗಿದ್ದು ಯಾವಾಗ?”

“ಹೋದ ಯುಗಾದಿ ಹೊತ್ತಿಗೆ.”

ಅಪ್ಪ ಬಲಭುಜವನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. “ಇದೂ ಆವಾಗಿನಿಂದಲೇ,” ಎಂದರು.

“ಹೌದಪ್ಪ,” ಎಂದೆ.

 ಮನೆಗೆ ಬಂದ ಮೇಲೆ ಅಪ್ಪ ಅಮ್ಮನಿಗೆ, ಹುಡುಗಿ ಗುರುತು ಹಿಡಿದಳು ಎಂದಷ್ಟೇ ಹೇಳಿದರು. ಹೇಗೆ ಎಂದು ಹೇಳಲಿಲ್ಲ. ಮಾರನೆಯ ದಿನವೇ ಶಾಪಿಗೆ ತಳ್ಳಿಕೊಂಡು ಹೋಗಿ ಬೆಲ್ಲು ಹಾಕಿಸಿ, ಹೊಸ ಬೀಗವೊಂದನ್ನು ಕೊಂಡು, ಬಾಗಿದ್ದನ್ನು ನೆಟ್ಟಗೆ ಮಾಡಿಸಿಕೊಂಡು ಬಂದರು. ಅಳಿದುಳಿದಿದ್ದ ಭುಜದ ನೋವೂ ಕೆಲವೇ ದಿನಗಳಲ್ಲಿ ಹೋಯಿತು. ಅದು ತಮ್ಮ ಎಣ್ಣೆಯ ಗುಣ ಎಂದು ಪಂಡಿತರು ಸಾಯುವ ತನಕ ಹೇಳಿಕೊಂಡು ಓಡಾಡಿದರು. ಸೈಕಲ್ಲಿಗೆ ಈಗ ಎಲ್ಲಿ ನಿಂತರೂ ಬೀಗ. ಮನೆಯ ಅಂಗಳದಲ್ಲೂ ಬೀಗ, ಬೀಗದ ಕೈ ಜನಿವಾರದಲ್ಲಿ. ನಾನು ಒರೆಸುತ್ತಿದ್ದೆ, ಅಷ್ಟೇ. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಶನಿವಾರ ಬಂತು. ಅಪ್ಪ ಊಟ ಮಾಡಿ, ಚಾಪೆ ಹಾಸಿಕೊಂಡು, ಗೋಡೆಯ ಕಡೆಗೆ ಮುಖ ಮಾಡಿ ಮಲಗಿದರು. ಅಮ್ಮ ಬತ್ತಿಯ ಹತ್ತಿ ತೆಗೆದುಕೊಂಡು ಪಕ್ಕದ ಮನೆಗೆ ಹೋದಳು. ನಾನು ಎಲೆ ಎತ್ತಿ ಗೋಮಯ ಹಚ್ಚುತ್ತಿದ್ದೆ. ಚಾಪೆಯ ಕಡೆಯಿಂದ ಬೀಗದ ಕೈ ನೆಲದ ಮೇಲೆ ಜಾರಿ ಬಂದು ನನ್ನ ಹತ್ತಿರ ನಿಂತಿತು.

“ಟೈರಲ್ಲಿ ಗಾಳಿ ಕಮ್ಮಿ ಇದೆಯೇನೋ, ನೋಡು,” ಎಂದರು ಅಪ್ಪ, ಈ ಕಡೆ ತಿರುಗದೆ.

ನಾನು ಅಂಗಳಕ್ಕೆ ಹೋಗಿ ಎರಡೂ ಟೈರನ್ನು ಒತ್ತಿ ನೋಡಿದೆ. ಕಲ್ಲಿನ ಹಾಗೆ ಗಟ್ಟಿಯಾಗಿದ್ದವು.

“ಹೌದಪ್ಪ,” ಎಂದೆ, “ತುಂಬಾನೇ ಕಮ್ಮಿ ಇದೆ.”