ಕಮಾಂಡರ್ ಧ್ರುವನ ಶಾಲು

ಮುಂಬೈಯ ಫೋರ್ಟಿನ ಬ್ಯಾಂಕೊಂದರಲ್ಲಿ ಮೂವತ್ಮೂರು ವರ್ಷಗಳಿಂದ ಗುಮಾಸ್ತರಾಗಿರುವ ಮುರಿಗೆಪ್ಪನವರು, ತಮ್ಮ ಸರ್ವೀಸಿನಲ್ಲೇ ಮೊದಲ ಬಾರಿಗೆ ನಿಜವಾದ ಕಾರಣ ಬರೆದು ರಜೆ ಕೇಳಿದರು. ಅವರಿಗೆ ಜ್ವರವಿರಲಿಲ್ಲ, ಊರಲ್ಲಿ ಮದುವೆ ಇರಲಿಲ್ಲ, ಯಾರೂ ತೀರಿಕೊಂಡಿರಲೂ ಇಲ್ಲ. ‘ಶನಿ ಸ್ಟೇಷನ್ ಧಾರಾವಾಹಿಯಿಂದ ಕಮಾಂಡರ್ ಧ್ರುವರನ್ನು ತೆಗೆಯುತ್ತಿರುವುದರ ವಿರುದ್ಧ ಪ್ರತಿಭಟಿಸಲು’ ಎಂದು ದುಂಡನೆಯ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಸಹಿ ಹಾಕಿದರು. ಮ್ಯಾನೇಜರು ಎರಡು ಸಲ ಓದಿ, ಜ್ವರ ಎಂದು ಬರೆದುಕೊಟ್ಟರೆ ಇಬ್ಬರಿಗೂ ಸುಲಭ ಎಂದರು. ಮುರಿಗೆಪ್ಪನವರು ಒಪ್ಪಲಿಲ್ಲ.

ಶನಿ ಸ್ಟೇಷನ್ ಎಂಬುದು ಒಂಬತ್ತು ವರ್ಷಗಳಿಂದ ಬರುತ್ತಿದ್ದ ಹಿಂದಿ ಧಾರಾವಾಹಿ. ಶನಿಗ್ರಹದ ಉಂಗುರದ ಅಂಚಿನಲ್ಲಿ ತೇಲುವ ಒಂದು ನಿಲ್ದಾಣ, ಅಲ್ಲಿ ನೂರಿನ್ನೂರು ಜನ, ಅವರಿಗೆಲ್ಲ ಹಿರಿಯ ಕಮಾಂಡರ್ ಧ್ರುವ. ನರೆತ ಮೀಸೆ, ಸ್ವಲ್ಪ ಹೊಟ್ಟೆ. ಆಮ್ಲಜನಕ ಮುಗಿಯಲು ನಾಲ್ಕೇ ನಿಮಿಷ ಉಳಿದಿದ್ದರೂ ಕೈಕೆಳಗಿನವರನ್ನು ಊಟವಾಯಿತೇ ಎಂದು ಕೇಳುವ ಮನುಷ್ಯ. ಮುರಿಗೆಪ್ಪನವರ ಹೆಂಡತಿ ರಾಚವ್ವ ಮೊದಮೊದಲು, ಮುಸ್ಸಂಜೆ ಹೊತ್ತಿನಲ್ಲಿ ಮನೆಯೊಳಗೆ ಶನಿ ಶನಿ ಎಂದು ಒದರುವ ಟೀವಿಯನ್ನು ಬಂದ್ ಮಾಡುತ್ತಿದ್ದರು. ಮೂರನೆಯ ವರ್ಷದ ಹೊತ್ತಿಗೆ, ದೀಪ ಹಚ್ಚಿ ಕೈಮುಗಿದು ಧಾರಾವಾಹಿಗೆ ಕೂರುವವರಲ್ಲಿ ಅವರೇ ಮೊದಲಿಗರಾದರು.

ಒಂದು ಶುಕ್ರವಾರ ಚಾನೆಲ್ಲಿನವರು ಪ್ರಕಟಿಸಿದರು. ಧ್ರುವನ ಪಾತ್ರಧಾರಿ ಯಶೋಧನ ಕಾರ್ಖಾನೀಸ್ ಸ್ವಂತ ಇಚ್ಛೆಯಿಂದ ವಿದಾಯ ಹೇಳುತ್ತಿದ್ದಾರೆ, ಮುಂದಿನ ಗುರುವಾರ ಅವರ ಕೊನೆಯ ಶೂಟಿಂಗ್, ಹೊಸ ಕಮಾಂಡರ್ ಬರುತ್ತಾನೆ. ಹೊಸಬನ ಫೋಟೋವನ್ನೂ ಹಾಕಿದ್ದರು. ಅವನಿಗೆ ಇಪ್ಪತ್ತಾರು ವಯಸ್ಸು. ಅವನ ಅಂಗಿಗೆ ಗುಂಡಿಗಳಿರಲಿಲ್ಲ.

‘ಶನಿ ಸ್ಟೇಷನ್ ಕನ್ನಡ ಬಳಗ, ಮುಂಬೈ’ ಎಂಬ ವಾಟ್ಸಾಪ್ ಗುಂಪಿನಲ್ಲಿ ನಲವತ್ತಾರು ಜನ. ಆ ರಾತ್ರಿ ಅವರಲ್ಲಿ ಯಾರ ಮನೆಯಲ್ಲೂ ಸರಿಯಾಗಿ ಅನ್ನ ಬೇಯಲಿಲ್ಲ. ಗೋರೆಗಾಂವಿನ ವಸಂತಿ ಹನ್ನೆರಡು ಅಳುವ ಮುಖಗಳನ್ನು ಕಳಿಸಿ, ಆಮೇಲೆ ಹದಿಮೂರು ನಿಮಿಷದ ಧ್ವನಿ ಸಂದೇಶ ಕಳಿಸಿದರು. ಅದರಲ್ಲಿ ಹನ್ನೊಂದು ನಿಮಿಷ ಬೈಗುಳ. ಅಲ್ಲೇ ಹೋಟೆಲ್ ನಡೆಸುವ ಕೊರಗಪ್ಪನವರು, ಹೊಸಬನ ಮುಖ ತೋರಿಸಿದ ದಿನ ತಮ್ಮ ಹೋಟೆಲಿನ ಟೀವಿಯನ್ನು ಗೋಡೆಗೆ ತಿರುಗಿಸಿ ಇಡುವುದಾಗಿ ಘೋಷಿಸಿದರು. ಮುರಿಗೆಪ್ಪನವರು ಮಾತ್ರ ಒಂದೇ ಸಾಲು ಬರೆದರು: ‘ಗುರುವಾರ ಮುಂಜಾನೆ, ಸ್ಟುಡಿಯೋ ಗೇಟ್, ಮೋರ್ಚಾ.’

“ಪಪ್ಪಾ, ಹೊಸಾವ್ರಿಗೂ ಚಾನ್ಸ್ ಕೊಡಬೇಕು ನಾ,” ಎಂದಳು ಮಗಳು ವೈಶಾಲಿ.

“ಕೊಡಲಿ. ಶನಿಗೆ ಇನ್ನೂ ಭಾಳ ಚಂದ್ರ ಅದಾವು. ಅಲ್ಲಿ ಹೋಗಿ ಕಮಾಂಡರ್ ಆಗಲಿ,” ಎಂದರು ಮುರಿಗೆಪ್ಪನವರು.

ಗುರುವಾರ ಗಂಡಹೆಂಡಿರು ಆಂಟಾಪ್ ಹಿಲ್‌ನಿಂದ ಹೊರಟು, ವಡಾಳಾದಲ್ಲಿ ಲೋಕಲ್ ಹಿಡಿದು ಗೋರೆಗಾಂವಿಗೆ ಬಂದರು. ಮುರಿಗೆಪ್ಪನವರ ಕೈಯಲ್ಲಿ ಫಲಕ, ರಾಚವ್ವನ ಕೈಯಲ್ಲಿ ಚಪಾತಿಯ ಡಬ್ಬಿ. ಸ್ಟುಡಿಯೋ ಗೇಟಿನ ಎದುರು ನಲವತ್ತಾರರಲ್ಲಿ ಹನ್ನೊಂದು ಜನ ಬಂದಿದ್ದರು. ನಮ್ಮ ಮುಂಬೈ ಕನ್ನಡ ಸಂಘಗಳ ವಾರ್ಷಿಕ ಸಭೆಯ ಲೆಕ್ಕದಲ್ಲಿ ನೋಡಿದರೆ ಇದು ಜನಸಾಗರ. “ಧ್ರುವ್ ನಹೀಂ ತೋ ಸ್ಟೇಷನ್ ನಹೀಂ” ಎಂದು, ಧ್ರುವನಿಲ್ಲದೆ ಸ್ಟೇಷನ್ನೇ ಇಲ್ಲವೆನ್ನುವ ಘೋಷಣೆಯನ್ನು ವಸಂತಿ ಎತ್ತಿಕೊಂಡರು. ಭಜನಾ ಮಂಡಳಿಯ ಗಂಟಲು. ಗೇಟಿನ ವಾಚ್‌ಮನ್ ಎದ್ದು ನಿಂತ.

ಎಲ್ಲವೂ ಸರಿಯಾಗಿಯೇ ನಡೆದಿತ್ತು, ಕೊರಗಪ್ಪನವರು ರಿಕ್ಷಾ ಇಳಿಯುವ ತನಕ. ಅವರ ಒಂದು ಕೈಯಲ್ಲಿ ಹಣ್ಣಿನ ಬುಟ್ಟಿ, ಇನ್ನೊಂದು ಕೈಯಲ್ಲಿ ದೊಡ್ಡ ಚೀಲ. ಚೀಲದೊಳಗೆ ಸೇವಂತಿಗೆ ಹಾರ, ತೆಂಗಿನಕಾಯಿ, ಮತ್ತು ಜರಿ ಅಂಚಿನ ಕೆಂಪು ಶಾಲು.

ಮುರಿಗೆಪ್ಪನವರು ಫಲಕ ಹಿಡಿದೇ ರಿಕ್ಷಾದ ಬಳಿಗೆ ನಡೆದರು.

“ಕೊರಗಪ್ಪಣ್ಣಾ, ಇದೇನ್ರಿ ಇದು?”

“ಎಂತ ಅಂದ್ರೆ? ಅಷ್ಟು ದೊಡ್ಡ ಮನುಷ್ಯರನ್ನು ನೋಡ್ಲಿಕ್ಕೆ ಬರಿಗೈಯಲ್ಲಿ ಬರುದಾ ಮಾರಾಯ್ರೆ?”

“ನಾವು ನೋಡಾಕ ಬಂದಿಲ್ಲರೀ. ಜಗಳಕ್ಕ ಬಂದೀವಿ.”

“ಜಗಳ ಮಾಡುವ. ಯಾರು ಬೇಡ ಹೇಳಿದ್ದು? ಮೊದಲು ಒಂದು ಸಣ್ಣ ಸನ್ಮಾನ, ಮತ್ತೆ ಜಗಳ. ಹಾಗೆ ಮಾಡಿದರೆ ಅವರಿಗೂ ಬೇಜಾರಾಗುದಿಲ್ಲ.”

ಸುತ್ತಲಿನ ಎಲ್ಲರೂ ತಲೆಯಾಡಿಸಿದರು. ಮುಂಬೈ ಕನ್ನಡಿಗರಾದ ನಮಗೆ ಇದೊಂದು ಚಟ. ಯಾರನ್ನೇ ಕಂಡರೂ ಹೆಗಲ ಅಳತೆ ನೋಡುತ್ತೇವೆ. ಆದರೆ ಶಾಲು ಏನು ಮಾಡುತ್ತದೆ ಎಂಬುದು ಆ ಹನ್ನೆರಡು ಜನರಲ್ಲಿ ಮುರಿಗೆಪ್ಪನವರೊಬ್ಬರಿಗೇ ಗೊತ್ತಿತ್ತು. ಯಾಕೆಂದರೆ ಬ್ಯಾಂಕಿನ ಪ್ರತಿಯೊಂದು ಬೀಳ್ಕೊಡುಗೆಗೂ ಶಾಲು ತರುವ ಕೆಲಸ ಅವರದೇ. ತರುವುದು, ಮಡಿಕೆ ಬಿಡಿಸುವುದು, ಹೊದಿಸಲು ಸಾಹೇಬರ ಕೈಗೆ ಕೊಡುವುದು. ಮಧ್ಯಾಹ್ನ ಮೂರಕ್ಕೆ ಶಾಲು ಹೆಗಲೇರಿದರೆ ನಾಲ್ಕಕ್ಕೆ ಆ ಕುರ್ಚಿಯ ಮೇಲೆ ಇನ್ನೊಬ್ಬರ ಚೀಲ ಕೂತಿರುವುದನ್ನು ಅವರು ಎಷ್ಟೋ ಸಲ ಕಂಡಿದ್ದರು. ಕ್ಯಾಷಿಯರ್ ಶಾಂತಪ್ಪನ ಕತೆಯಂತೂ ಅವರ ಕಣ್ಣಿಗೆ ಕಟ್ಟಿದ ಹಾಗಿತ್ತು. ಶಾಂತಪ್ಪನಿಂದ ಒತ್ತಾಯದ ಮೇಲೆ ಸ್ವಯಂನಿವೃತ್ತಿಗೆ ಸಹಿ ಮಾಡಿಸಿದ್ದರು. ಇವತ್ತು ಎಲ್ಲರೆದುರು ಬಾಯಿಬಿಡುತ್ತೇನೆ ಎಂದು ಚೀಟಿ ಬರೆದುಕೊಂಡೇ ಆತ ಬಂದಿದ್ದ. ಬಾಯಿಬಿಡುವ ಮೊದಲೇ ಶಾಲು ಬಿತ್ತು, ಅದರ ಮೇಲೆ ಹಾರ. ಹಾರ ಮೂಗಿನವರೆಗೆ ಬಂದಿತ್ತು. ಆ ಹೂವಿನ ಸಂದಿಯಿಂದ ಶಾಂತಪ್ಪ, “ಸ್ವಂತ ಇಚ್ಛೆಯಿಂದ ಹೊರಟಿದ್ದೇನೆ, ಎಲ್ಲರಿಗೂ ಧನ್ಯವಾದ” ಎಂದ. ಚೀಟಿ ಕಿಸೆಯಲ್ಲೇ ಉಳಿಯಿತು. ಮುರಿಗೆಪ್ಪನವರು ಎಲ್ಲರ ಜೊತೆ ಸೇರಿ ಚಪ್ಪಾಳೆ ತಟ್ಟಿದ್ದರು.

“ಒಮ್ಮೆ ಶಾಲು ಹೊಚ್ಚಿದಿವಿ ಅಂದ್ರ, ಹೋಗಿ ಬರ್ರಿ ಅಂತ ನಾವ ಹೇಳಿಧಂಗ. ಆಮ್ಯಾಲ ಘೋಷಣಾ ಕೂಗಿದ್ರ ಯಾರು ಕೇಳತಾರ?” ಎಂದರು ಮುರಿಗೆಪ್ಪನವರು.

“ನಿಮ್ಮದು ಒಂದು ಅತಿ,” ಎಂದರು ಕೊರಗಪ್ಪ. “ಶಾಲಿನಲ್ಲಿ ಅಂಥದ್ದೆಲ್ಲ ಎಂತ ಉಂಟು? ಬಟ್ಟೆ ಅದು.”

ಅಷ್ಟರಲ್ಲಿ ಬಿಳಿಯ ಕಾರು ಬಂದೇಬಿಟ್ಟಿತು. ಘೋಷಣೆ ಕೇಳಿ ಕಾರು ನಿಂತಿತು, ಕಾರ್ಖಾನೀಸರು ಇಳಿದರು. ಟೀವಿಯಲ್ಲಿ ಕಾಣುವುದಕ್ಕಿಂತ ಕುಳ್ಳಗಿದ್ದರು, ಮೀಸೆ ಮಾತ್ರ ಅದೇ. ಗೇಟಿನೊಳಗಿಂದ ಚಾನೆಲ್ಲಿನ ಪ್ರಚಾರದ ಹುಡುಗಿಯೊಬ್ಬಳು ಕ್ಯಾಮೆರಾದವನನ್ನು ಎಳೆದುಕೊಂಡು ಓಡಿಬಂದಳು. ಫಲಕಗಳನ್ನು ನೋಡಿ ಅವಳ ಮುಖ ಬಿಳಿಚಿತು. ಹಣ್ಣಿನ ಬುಟ್ಟಿ ನೋಡಿ ಮತ್ತೆ ಬಣ್ಣ ಬಂತು. ಫ್ಯಾನ್ಸ್ ಕೀ ತರಫ್ ಸೇ ಫೇರ್‌ವೆಲ್, ಅಭಿಮಾನಿಗಳಿಂದ ಬೀಳ್ಕೊಡುಗೆ ಎಂದು ಅವಳು ಕ್ಯಾಮೆರಾದವನಿಗೆ ಹೇಳಿದ್ದು ಮುರಿಗೆಪ್ಪನವರ ಕಿವಿಗೆ ಬಿತ್ತು.

ಅವರು ಬೇಡ ಎನ್ನುವಷ್ಟರಲ್ಲಿ ಕೊರಗಪ್ಪನವರು ಹಾರ ಹಾಕಿ, ಶಾಲು ಹೊದಿಸಿ, ಕಾಯಿ ಕೈಗಿಟ್ಟಾಗಿತ್ತು. ಅಭ್ಯಾಸದ ಕೈ. ಇಷ್ಟು ಹೊತ್ತು ಗಂಟಲು ಹರಿಯುವಂತೆ ಕೂಗಿದವರೆಲ್ಲ ಫಲಕಗಳನ್ನು ಕಾಲಬುಡದಲ್ಲಿಟ್ಟು, ಸೆರಗು ಸರಿಮಾಡಿಕೊಂಡು, ಎತ್ತರದವರು ಹಿಂದೆ ಗಿಡ್ಡವರು ಮುಂದೆ ಎಂದು ತಾವೇ ಸಾಲಾಗಿ ನಿಂತು ನಕ್ಕರು. ವಸಂತಿ ಎಲ್ಲರಿಗಿಂತ ಅಗಲವಾಗಿ ನಕ್ಕರು. ಹಿರಿಯರು ಮುಂದೆ ಬರಲಿ ಎಂದು ಯಾರೋ ಮುರಿಗೆಪ್ಪನವರನ್ನು ಎಳೆದು ಕಾರ್ಖಾನೀಸರ ಪಕ್ಕ ನಿಲ್ಲಿಸಿದರು. ಸಾಲದ್ದಕ್ಕೆ ಮುರಿಗೆಪ್ಪನವರ ತುಟಿಯೂ ಕ್ಯಾಮೆರಾ ಕಂಡು ಅರ್ಧ ಅರಳಿತು. ಅದನ್ನು ಅವರು ಪ್ರಯತ್ನಪಟ್ಟು ಮುಚ್ಚಿದರು.

“ಸಾಹೇಬ್,” ಎಂದರು, ತಮ್ಮೂರು ವಿಜಯಪುರದ ಹಿಂದಿಯಲ್ಲಿ. “ಆಪ್ ಖುದ್ ಛೋಡಾ ಕ್ಯಾ?”

ಕಾರ್ಖಾನೀಸರು ಉತ್ತರಿಸುವ ಮೊದಲು ಪ್ರಚಾರದ ಹುಡುಗಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಹಾರವನ್ನು ಮೂಗಿನಿಂದ ಸ್ವಲ್ಪ ಕೆಳಗಿಳಿಸಿ, ಹೌದು, ಸ್ವಂತ ಇಚ್ಛೆಯಿಂದಲೇ ಎಂದರು.

ಆ ನೋಟ ಮುರಿಗೆಪ್ಪನವರಿಗೆ ಗುರುತಿತ್ತು. ಅವತ್ತು ಶಾಂತಪ್ಪ ಮ್ಯಾನೇಜರರ ಕಡೆ ಹೀಗೆಯೇ ನೋಡಿದ್ದ. ಮುರಿಗೆಪ್ಪನವರು ಕೈ ಚಾಚಿ, ನಟನ ಹೆಗಲಿನಿಂದ ಶಾಲನ್ನು ತೆಗೆದರು. ನಗುವಿನ ಸಾಲು ಹಾಗೇ ಕಲ್ಲಾಯಿತು. ಸನ್ಮಾನದ ಶಾಲನ್ನು ವಾಪಸು ತೆಗೆದುಕೊಂಡದ್ದನ್ನು ಈ ಊರಿನ ಯಾವ ಕನ್ನಡಿಗನೂ ಅಲ್ಲಿಯವರೆಗೆ ನೋಡಿರಲಿಲ್ಲ.

“ಹೋ, ಎಂತ ಮಾಡಿದ್ರಿ ನೀವು,” ಎಂದರು ಕೊರಗಪ್ಪ, ದನಿ ಸೋತು.

ಮುರಿಗೆಪ್ಪನವರಿಗೆ ಹಿಂದಿ ಸಾಲಲಿಲ್ಲ. “ಸಾಹೇಬ್ರ, ಇದು ನಿಮ್ಮನ್ನ ಕಳಸೂ ಶಾಲಲ್ಲ. ನೀವು ತಿರುಗಿ ಬಂದ ದಿನಾ ಹೊಚ್ಚತೀವಿ. ಅಲ್ಲೀತನಕಾ ಇದು ನಮ್ಮ ಕಡೆ ಇರತೈತಿ,” ಎಂದು ಶಾಲನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡರು.

ವಸಂತಿಯ ನಗು ಅಳಿಸಿಹೋಗಿತ್ತು. ಅವರು ಅದನ್ನು ಹಿಂದಿಗೆ ತಿರುಗಿಸಿದರು. ತಿರುಗಿಸುವಾಗ ಚಾನೆಲ್ಲಿನವರ ಬಗ್ಗೆ ತಮ್ಮದೂ ಎರಡು ವಾಕ್ಯ ಸೇರಿಸಿದರು.  ಕಾರ್ಖಾನೀಸರು ಕೊರಳಿನ ಹಾರವನ್ನೂ ತಾವೇ ತೆಗೆದು ಮುರಿಗೆಪ್ಪನವರ ಕೈಗೆ ಕೊಟ್ಟರು. ಕಾಯಿಯನ್ನು ಕೊರಗಪ್ಪನವರಿಗೆ ಮರಳಿಸಿದರು. ಕಾರನ್ನು ಅಲ್ಲೇ ಬಿಟ್ಟು ಗೇಟಿನೊಳಕ್ಕೆ ನಡೆದುಹೋದರು.

ರಾಚವ್ವ ಗಂಡನ ಪಕ್ಕಕ್ಕೆ ಬಂದರು. “ಛಲೋ ಮಾಡಿದ್ರಿ. ಮೂವತ್ತು ವರ್ಷ ಮಂದೀಗೆ ಹೊಚ್ಚಿಸಿದ್ದು ಸಾಕು,” ಎಂದು ಫಲಕವನ್ನು ನೆಲದಿಂದ ಎತ್ತಿ ಕೊಟ್ಟರು.

ಪ್ರಚಾರದ ಹುಡುಗಿ ಕೈ ಹಿಸುಕಿಕೊಳ್ಳುತ್ತ ಬಂದಳು. “ಅಂಕಲ್, ನಾನು ಶ್ರಾವ್ಯಾ. ಮೈ ಭೀ ಕನ್ನಡಾ... ನನ್ನ ಅಜ್ಜಿ ಉಡುಪಿ.”

“ಉಡುಪಿಯಲ್ಲಿ ಎಲ್ಲಿ? ಯಾರ ಮೊಮ್ಮಗಳು ನೀನು?” ಎಂದು ಕೊರಗಪ್ಪನವರು ತಕ್ಷಣ ಚೇತರಿಸಿಕೊಂಡರು. ರಾಚವ್ವ ಅವರ ಕೈಯಲ್ಲೂ ಒಂದು ಫಲಕ ಹಿಡಿಸಿದರು. ಹಿಡಿದ ಮೇಲೆ ಕೊರಗಪ್ಪನವರು ಅದನ್ನು ಕೆಳಗಿಡಲಿಲ್ಲ. ಕಾಯಿಯನ್ನು ಚೀಲಕ್ಕೆ ಹಾಕಿ ಎರಡೂ ಕೈಯಲ್ಲಿ ಎತ್ತಿ ಹಿಡಿದರು.

“ಅಂಕಲ್, ಪ್ಲೀಸ್,” ಎಂದಳು ಶ್ರಾವ್ಯಾ. “ಸರ್‌ನ ಮತ್ತೆ ಕರೀತೀನಿ. ಶಾಲು ಹಾಕಿ, ಒಂದ್ ಸ್ಮೈಲ್. ಹತ್ತು ಸೆಕೆಂಡ್ ಬಸ್.”

“ಹೊಚ್ಚಂಗಿಲ್ಲವ್ವಾ.”

“ಫಿರ್ ನಾನು ಚಾನೆಲ್‌ನಲ್ಲಿ ಏನ್ ಹಾಕ್ಲಿ?”

ಹಿಂದೆ ವಸಂತಿ ಮತ್ತೆ ಘೋಷಣೆ ಎತ್ತಿದ್ದರು, ಈ ಸಲ ಉಳಿದವರೆಲ್ಲರ ದನಿ ಸೇರಿತು. ಮುರಿಗೆಪ್ಪನವರು ಶಾಲನ್ನು ಕಂಕುಳಲ್ಲಿ ಇನ್ನಷ್ಟು ಬಿಗಿ ಹಿಡಿದು, ಕ್ಯಾಮೆರಾದ ಎದುರಿಗೇ ರಸ್ತೆಯ ಅಂಚಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು.

“ಹೊಚ್ಚಲಿಲ್ಲ ಅಂತ ಹಾಕು,” ಎಂದರು.