ಬಾಗಿಲಾಚೆ ಕೇಳಿದ ರಷ್ಯನ್ ಹಾಡು

ದೇವರು ಮೈಮೇಲೆ ಬಂತು, ಹುಣಸೆಮರದಿಂದ ಯಾರೋ ಕರೆದರು ಎನ್ನುವವರನ್ನು ಕಂಡರೆ ನಾನು ನಗುತ್ತಿದ್ದೆ. ಗದಗಿನಲ್ಲಿ ನಮ್ಮ ಓಣಿಯ ಒಬ್ಬಳಿಗೆ ಮಂಗಳವಾರಕ್ಕೊಮ್ಮೆ ದೇವಿ ಬರುತ್ತಿದ್ದಳು. "ಆಕಿಗೆ ಹೊಟ್ಟಿತುಂಬ ಊಟ, ಕಣ್ತುಂಬ ನಿದ್ದಿ ಕೊಡ್ರಿ, ದೇವಿ ತಾನ ಹೋಗ್ತಾಳ" ಎಂದವಳು ನಾನೇ. ಕಲಿತದ್ದು ನಾಲ್ಕನೇ ಇಯತ್ತೆ, ಬರೆದು ರೂಢಿಯಿಲ್ಲ. ಆದರೂ ಈ ಒಂದು ಸಂಗತಿಯನ್ನು ಎದೆಯಲ್ಲಿ ಹೊತ್ತು ಸಾಕಾಗಿದೆ. ನಂಬಿರಿ ಎನ್ನುವುದಿಲ್ಲ, ಓದಿರಿ ಅಷ್ಟೆ.

ಆ ಚಳಿಗಾಲ ಮಗಳು ಸುಮಾಳ ಬಾಣಂತನಕ್ಕೆಂದು ಹ್ಯೂಸ್ಟನ್ ಹತ್ತಿರದ ಕೇಟಿಯಲ್ಲಿದ್ದೆ. ಹದಿನೈದು ವರ್ಷಗಳ ಮೇಲೆ ಮನೆಯಲ್ಲಿ ಮತ್ತೆ ಒಂದು ಕೂಸು! ಕಂಡಕಂಡವರಿಗೆಲ್ಲ ಫೋನು ಹಚ್ಚಿ ಅದರ ಮೂಗು, ಉಗುರು ವರ್ಣಿಸಿದ್ದೇ ವರ್ಣಿಸಿದ್ದು. ಆದರೆ ಅರವತ್ತೆಂಟರ ಮೈ ಸಂತೋಷದ ಮಾತು ಕೇಳುತ್ತದೆಯೇ? ಎಣ್ಣೆನೀರು, ಲೋಬಾನದ ಹೊಗೆ, ಬಾಣಂತಿಯ ಅಡುಗೆ, ರಾತ್ರಿಯಿಡೀ ತೊಡೆಯ ಮೇಲೆ ಕೂಸು. ಹದಿನೆಂಟು ದಿನ ನೆಟ್ಟಗೆ ನಿದ್ದೆ ಮಾಡಿರಲಿಲ್ಲ.

ಸುಮಾಳ ದೊಡ್ಡ ಮಗಳು ಶ್ರೇಯಾ ಶಾಲೆಯ ಸ್ಪರ್ಧೆಗೆ ಒಂದು ರಷ್ಯನ್ ಹಾಡು ಕಲಿಯುತ್ತಿದ್ದಳು. ಪಿಯಾನೊ ಜೊತೆ ಒಬ್ಬರೇ ನಿಂತು ಹಾಡುವ, ಆ ದೇಶದ ಹಳೆಯ ಶಾಸ್ತ್ರೀಯ ಹಾಡಂತೆ.

"ಅದರಾಗ ಏನೈತವ್ವಾ?" ಎಂದೆ.

"ಹೊಲದ ಮ್ಯಾಲೆ ಸ್ನೋ, ಅಜ್ಜಿ. ಹೊಲ ಸ್ಲೀಪ್ ಮಾಡ್ತದ. ವಿಂಡ್ ಬಂದು ವೇಕ್ ಅಪ್, ವೇಕ್ ಅಪ್ ಅಂತದ."

"ನಮ್ಮ ಕಡೆ ಗಾಳಿ ಬಂದ್ರ ಹೊಲ ಏಳೂದಿಲ್ಲ, ಧೂಳ ಏಳ್ತದ."

ಇಬ್ಬರೂ ನಕ್ಕೆವು. ಅವಳಿಗೆ ಬರುತ್ತಿದ್ದದ್ದು ಅರ್ಧ ಹಾಡು ಮಾತ್ರ, ಉಳಿದರ್ಧವನ್ನು ಟೀಚರ್ ಇನ್ನೂ ಹೇಳಿಕೊಟ್ಟಿರಲಿಲ್ಲ. ಆ ಅರ್ಧವನ್ನೇ ದಿನಕ್ಕೆ ಇಪ್ಪತ್ತು ಸಲ ಕೇಳಿದ್ದೆ.

ಅಂಥದ್ದರಲ್ಲಿ ಹಿಮ ಬಿತ್ತು, ಕರೆಂಟು ಹೋಯಿತು, ಮನೆ ಬೆಚ್ಚಗಿಡುವ ಹೀಟರೂ ನಿಂತಿತು. ಕೆಲಸಕ್ಕೆಂದು ಡಲ್ಲಾಸ್‌ಗೆ ಹೋಗಿದ್ದ ಅಳಿಯ, ರಸ್ತೆಯೆಲ್ಲ ಗಾಜಿನಂತಾಗಿ ಅಲ್ಲೇ ಸಿಕ್ಕಿಕೊಂಡ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಶ್ರೇಯಾಳ ಗಂಟಲು ಕಟ್ಟಿ ದನಿಯೇ ಹೊರಡುತ್ತಿರಲಿಲ್ಲ. ಕೂಸಿನ ಅಂಗಾಲು ಮುಟ್ಟಿದರೆ ಕಲ್ಲು ಮುಟ್ಟಿದ ಹಾಗೆ. ಗ್ಯಾರೇಜಿನಲ್ಲಿ ಬೇಸಿಗೆಗೆ ಮೆಕ್ಕೆತೆನೆ ಸುಡಲು ತಂದಿದ್ದ ಇದ್ದಿಲ ಚೀಲವಿತ್ತು.

"ಅವ್ವಾ, ಒಳಗ ಕೆಂಡ ತರಬ್ಯಾಡ. ಇದು ಗದಗಿನ ಮನಿ ಅಲ್ಲ" ಎಂದಳು ಸುಮಾ.

"ನಿನ್ನ ಹಡದಾಗ ತಿಂಗಳಗಟ್ಲೆ ಹೊರಸಿನ ಕೆಳಗ ಕೆಂಡ ಇಟ್ಕೊಂಡು ಮಲಗೀನಿ. ಸತ್ತಿಯೇನ ನೀ?"

ಅವಳಿಗೆ ನಿದ್ದೆ ಹತ್ತುವವರೆಗೆ ಕಾದೆ. ಹಿತ್ತಲಿನಲ್ಲಿ ಕಬ್ಬಿಣದ ಬಾಣಲೆಯಲ್ಲಿ ಇದ್ದಿಲು ಹೊತ್ತಿಸಿ, ನಾವೆಲ್ಲ ಮಲಗಿದ್ದ ಕೆಳಗಿನ ಕೋಣೆಗೆ ತಂದೆ. ಹಿತ್ತಲ ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಹಳೆಯ ಸೀರೆ ತುರುಕಿದೆ. ಗದಗಿನ ಮನೆಗೆ ಬೆಳಕಿಂಡಿಯಿತ್ತು, ಹಂಚಿನ ಸಂದಿಯಿತ್ತು. ಈ ಮನೆ ಡಬ್ಬಿಯಂತೆ ಮುಚ್ಚಿದ್ದು ಎಂಬುದು ಹೊಳೆಯಲೇ ಇಲ್ಲ. ಕೂಸಿನ ಕಾಲು ಬೆಚ್ಚಗಾಯಿತು. ಗೆದ್ದೆ ಎಂದುಕೊಂಡೆ. ತಲೆ ಭಾರವಾಯಿತು. ಹದಿನೆಂಟು ದಿನದ ನಿದ್ದೆ ಒಟ್ಟಿಗೆ ಬಂತು ಎಂದುಕೊಂಡು ಗೋಡೆಗೆ ಒರಗಿದೆ.

ಆಗ ಹಾಡು ಕೇಳಿಸಿತು. ಬಾಗಿಲಾಚೆ, ಹಿತ್ತಲಿನಲ್ಲಿ, ಶ್ರೇಯಾಳ ದನಿ. ಕಟ್ಟಿದ ಗಂಟಲಲ್ಲಿ ಹಿಮದೊಳಗೆ ನಿಂತು ಹಾಡುತ್ತಾಳಲ್ಲ, ಬುದ್ಧಿ ಬೇಡವೇ ಎಂದು ಸಿಟ್ಟು ಬಂತು. ಕರೆಯಲು ಬಾಯಿ ಬರಲಿಲ್ಲ, ಏಳಲು ಕಾಲು ಬರಲಿಲ್ಲ. ಹಾಡು ನಿಲ್ಲಲೊಲ್ಲದು. ಬೈಯಬೇಕೆಂಬ ಹಟಕ್ಕೇ ತೆವಳಿ ಹೋಗಿ, ಸೀರೆ ಕಿತ್ತು, ಬಾಗಿಲು ತೆರೆದೆ.

ಯಾರೂ ಇರಲಿಲ್ಲ. ಹಿಮದ ಮೇಲೆ ನಾನು ಕೆಂಡ ಹೊತ್ತಿಸಲು ಹೋಗಿ ಬಂದ ಹೆಜ್ಜೆಗಳಷ್ಟೇ. ಗಾಳಿ ಮುಖಕ್ಕೆ ಬಡಿದು ಹೊಸ್ತಿಲಲ್ಲೇ ಕಾರಿಕೊಂಡೆ. ತಿರುಗಿ ನೋಡಿದರೆ ಶ್ರೇಯಾ ಒಳಗೆ ತಾಯಿಯ ಪಕ್ಕ ಮಲಗಿದ್ದಾಳೆ. ಕೂಗಿದೆ. ಒಬ್ಬರೂ ಮಿಸುಕಲಿಲ್ಲ. ನಾನು ಏನು ಮಾಡಿದ್ದೇನೆಂದು ಆಗ ತಿಳಿಯಿತು. ಬಾಣಲೆಯನ್ನು ಹಿಮಕ್ಕೆ ಎಸೆದು, ಕೂಸನ್ನು ಗಾಳಿಗೆ ಹಿಡಿದು, ಉಳಿದಿಬ್ಬರ ಕೆನ್ನೆಗೆ ಹೊಡೆದೆ. ಮೊದಲು ಕೂಸು ಅತ್ತಿತು. ಸುಮಾ ಎದ್ದಳು. ಎಲ್ಲರಿಗಿಂತ ಕೊನೆಗೆ ಎದ್ದವಳು ಶ್ರೇಯಾ.

ಪಕ್ಕದ ಮನೆಯವರು ಆಸ್ಪತ್ರೆಗೆ ಒಯ್ದರು. ಕೆಂಡದ ವಿಷಗಾಳಿ ತಲೆಗೇರಿದರೆ ಇಲ್ಲದ್ದೆಲ್ಲ ಕೇಳಿಸುತ್ತದೆ ಎಂದರು ಡಾಕ್ಟರು. ಇರಬಹುದು ಎಂದು ನಾನೂ ಒಪ್ಪಿದೆ. ಸುಮಾ ಇವತ್ತಿನವರೆಗೆ ಒಂದು ಮಾತೂ ಅಂದಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

ಸ್ಪರ್ಧೆ ಆಸ್ಟಿನ್‌ನಲ್ಲಿ ನಡೆಯಿತು. ಶ್ರೇಯಾ ಅರ್ಧ ಹಾಡು ದಾಟಿದಳು. ಅಲ್ಲಿಂದ ಮುಂದಿನದು ನಾನು ಕೇಳದ್ದು. ಆದರೆ ದನಿ ಎಲ್ಲಿ ಇಳಿಯುತ್ತದೆ, ಎಲ್ಲಿ ಒಮ್ಮೆಲೇ ಏಳುತ್ತದೆ ಎಂಬುದೆಲ್ಲ ಬರುವ ಮೊದಲೇ ನನಗೆ ಗೊತ್ತಿತ್ತು. ಬಾಗಿಲಾಚೆ ಕೇಳಿದ್ದು ಈ ಉಳಿದರ್ಧ. ನನಗರಿವಿಲ್ಲದೆ ಎದ್ದು ನಿಂತಿದ್ದೆ.

"ಅವ್ವಾ, ಎಲ್ಲಿಗೆ? ಕೂಡು" ಎಂದು ಸುಮಾ ಸೆರಗು ಜಗ್ಗಿದಳು.

ಈ ಅರ್ಧವನ್ನು ಮನೆಯಲ್ಲಿ ಫೋನಿನಲ್ಲಾದರೂ ಹಾಕಿದ್ದೆಯಾ ಎಂದು ಆಮೇಲೆ ಶ್ರೇಯಾಳನ್ನು ಕೇಳಿದೆ. "ಇಲ್ಲ ಅಜ್ಜಿ, ಇಯರ್‌ಫೋನ್ ಹಾಕ್ಕೊಂಡೇ ಕೇಳ್ತಿದ್ದೆ. ವೈ?" ಎಂದಳು.

ಸಣ್ಣವಳು ಈಗ ಮನೆ ತುಂಬ ಓಡುತ್ತಾಳೆ, ಹಿಡಿಯಲು ಹೋಗಿ ನನಗೆ ಏದುಸಿರು. ಅವಳ ಕಾಲು ಸದಾ ಬಿಸಿ. ಕೇಟಿಗೆ ಹೋದಾಗಲೆಲ್ಲ ಎಲ್ಲ ಕೆಲಸ ಮಾಡುತ್ತೇನೆ. ಆ ಹಿತ್ತಲ ಬಾಗಿಲ ಚಿಲಕ ಹಾಕಲು ಮಾತ್ರ ಕೈ ಏಳುವುದಿಲ್ಲ. ಅದನ್ನು ಸುಮಾ ಹಾಕುತ್ತಾಳೆ.